ಲೈನು ಹಿಡಿದು ಹೋದರೆ

ಇಂಗ್ಲಿಷಿನಿಂದ ಕನ್ನಡಕ್ಕೆ ಬಂದು ನೆಲೆ ನಿಂತ ಮಾತುಗಳಲ್ಲಿ ಬಸ್ಸು, ಕೋರ್ಟು, ಪೆನ್ಸಿಲ್ಲು ಮುಂತಾದವು ಒಂದೊಂದೇ ಅರ್ಥ ಹೊತ್ತು ತಂದವು. ಅದನ್ನೇ ಇಂದಿಗೂ ನಿಯತ್ತಾಗಿ ಹೊತ್ತುಕೊಂಡಿವೆ. 'ಲೈನ್' ಎಂಬ ಮಾತಿನ ಸ್ವಭಾವ ಹಾಗಲ್ಲ. ವಿದ್ಯುತ್ ಇಲಾಖೆಯವರಿಗೆ ಅದು ಕಂಬದ ಮೇಲಿನ ತಂತಿ; ರೈಲ್ವೆಯವರಿಗೆ ನೆಲದ ಮೇಲಿನ ಹಳಿ. ಬಸ್ ಏಜೆಂಟನಿಗೆ ಅದೊಂದು ದಾರಿ: 'ಕೊಪ್ಪದ ಲೈನಿನ ಗಾಡಿ ಇನ್ನೂ ಬಂದಿಲ್ಲ' ಎನ್ನುತ್ತಾನೆ. ರೇಷನ್ ಅಂಗಡಿಯ ಮುಂದೆ ಅದು ಸರತಿಯ ಸಾಲು. ಹೆಣ್ಣು ಕೊಡುವ ಮಾತುಕತೆಯಲ್ಲಿ 'ಹುಡುಗ ಯಾವ ಲೈನಿನಲ್ಲಿದ್ದಾನೆ?' ಎಂದರೆ ಕಸುಬು. ಅದೇ ಹುಡುಗ ಹಿಂದೆ ಕಾಲೇಜಿನ ಗೇಟಿನ ಬಳಿ ನಿಂತು ಲೈನ್ ಹೊಡೆಯುತ್ತಿದ್ದ ಎಂದರೆ ಅದು ಇನ್ನೊಂದು ಬಗೆಯ ಕಸುಬು. ಧಾರವಾಡದವರಿಗೆ ಲೈನ್ ಎಂದರೆ ಮುಂದಿನ ಮಾತು ಬಜಾರ್, ಅದರ ಹಿಂದೆಯೇ ಪೇಢೆ. ಕಾಫಿ ಸೀಮೆಯಲ್ಲಿ ಹುಟ್ಟಿ ಬೆಳೆದ ನನ್ನಂಥವರಿಗೆ ಮಾತ್ರ ಲೈನ್ ಎಂದೊಡನೆ ತಂತಿಯೂ ಕಾಣುವುದಿಲ್ಲ, ಹಳಿಯೂ ಕಾಣುವುದಿಲ್ಲ. ಉದ್ದಕ್ಕೆ ಮಲಗಿದ ಒಂದು ಹೆಂಚಿನ ಮಾಡು, ಅದರ ಕೆಳಗೆ ಒಂದೇ ಅಳತೆಯ ಹತ್ತು ಬಾಗಿಲುಗಳು ಕಾಣುತ್ತವೆ.

ಈ ಬಾಗಿಲುಗಳಿಗೆ ಆ ಹೆಸರು ಹೇಗೆ ಬಂತು ಎಂದು ಹುಡುಕುತ್ತ ಹೋದವನಿಗೆ ನಡುವೆ ಸಿಕ್ಕಿದ ಸಂಗತಿಗಳನ್ನು ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ. ಕೆಲವು ದಾರಿ ತಪ್ಪಿಸಿದಂತೆ ಕಂಡರೂ ಓದುಗರು ಸ್ವಲ್ಪ ಸಹಿಸಿಕೊಳ್ಳಬೇಕು.

ಮಾತಿನ ಬೇರಿನಲ್ಲಿ ಇರುವುದು ನಮಗೆ ಗುರುತಿರುವ ಒಂದು ಗಿಡ. ಲ್ಯಾಟಿನ್ ಭಾಷೆಯಲ್ಲಿ 'ಲೀನುಂ' ಎಂದರೆ ಅಗಸೆ. ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿ ಮಾಡಿ ಜೋಳದ ರೊಟ್ಟಿಯ ಜೊತೆ ತಿನ್ನುವ ಅದೇ ಅಗಸೆ. ನಾವು ಹೆಚ್ಚಾಗಿ ಅದರ ಬೀಜ ತಿಂದೆವು, ಎಣ್ಣೆ ತೆಗೆದೆವು. ಯುರೋಪಿನವರು ಅದರ ಕಾಂಡವನ್ನು ನೀರಿನಲ್ಲಿ ಕೊಳೆಹಾಕಿ, ನಾರು ಬಿಡಿಸಿ, ನೂಲು ತೆಗೆದರು. ಆ ನೂಲಿನ ಬಟ್ಟೆ ಲಿನನ್ ಆಯಿತು. ಬಿಗಿದು ಕಟ್ಟಿದ ಅದರ ಎಳೆ ಲೈನ್ ಆಯಿತು. ದರ್ಜಿಯವನು ಕೋಟಿನ ಒಳಗೆ ಹಾಕುವ ಲೈನಿಂಗ್ ಬಟ್ಟೆಗೂ ಗೆರೆಗೂ ನೇರ ಸಂಬಂಧವಿಲ್ಲ. ಒಳಪದರಕ್ಕೆ ಲಿನನ್ ಬಟ್ಟೆ ಹಾಕುತ್ತಿದ್ದರು, ಆ ಹೆಸರು ಉಳಿಯಿತು. ಗ್ಯಾರೇಜಿನಲ್ಲಿ ಮೈಯೆಲ್ಲ ಗ್ರೀಸು ಮಾಡಿಕೊಂಡು ಬ್ರೇಕಿನ ಲೈನಿಂಗ್ ಬದಲಿಸುವ ಹುಡುಗ ತನ್ನ ಕೈಯಲ್ಲಿರುವುದಕ್ಕೂ ಅಗಸೆ ಗಿಡಕ್ಕೂ ನೆಂಟಸ್ತಿಕೆಯಿದೆ ಎಂದರೆ ನಕ್ಕಾನು.

ನಮ್ಮ ಗಾರೆಯವರು, ಬಡಗಿಗಳು ಇಂಗ್ಲಿಷಿನ ಹಂಗಿಲ್ಲದೆ ಇದೇ ದಾರಿಯಲ್ಲಿ ನಡೆದಿದ್ದಾರೆ. ಗೋಡೆ ಏಳುವಾಗ ಎರಡು ಮೂಲೆಗೆ ದಾರ ಕಟ್ಟಿ ಅದಕ್ಕೆ ಸರಿಯಾಗಿ ಕಲ್ಲು ಇಡುತ್ತಾರೆ. ಬಡಗಿಯ ಬಾಯಲ್ಲಂತೂ ನೂಲು ಒಂದು ಅಳತೆಯೇ ಆಗಿಬಿಟ್ಟಿದೆ. ಇಂಚಿಗೆ ಎಂಟು ನೂಲು. 'ಇನ್ನೆರಡು ನೂಲು ಹೆರಿ' ಎಂದರೆ ಕಾಲು ಇಂಚು ಹೆರೆಯಬೇಕು. ಹಳೆಯ ಇಂಗ್ಲಿಷಿನಲ್ಲಿ ಲೈನ್ ಎಂದರೆ ಇಂಚಿನ ಹನ್ನೆರಡನೇ ಒಂದು ಪಾಲು. ಎರಡು ದೇಶದ ಬಡಗಿಗಳು ಒಬ್ಬರ ಮುಖ ಒಬ್ಬರು ನೋಡದೆ ಒಂದೇ ದಾರವನ್ನು ಹಿಡಿದು ಅಳತೆ ಮಾಡಿದ್ದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಆದರೆ ಕುಂಪಣಿಯವರು ನಮ್ಮ ನೆಲದ ಮೇಲೆ ಎಳೆದ ಲೈನು ಬಡಗಿಯ ದಾರವಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ಒಂದು 'ಬೇಸ್ ಲೈನ್' ಅಳೆದ. ನೂರು ಅಡಿಯ ಉಕ್ಕಿನ ಸರಪಳಿಯನ್ನು ಮತ್ತೆ ಮತ್ತೆ ಹಾಸಿ, ಬಿಸಿಲಿಗೆ ಅದು ಎಷ್ಟು ಹಿಗ್ಗಿತು ಎಂಬುದನ್ನೂ ಲೆಕ್ಕ ಹಿಡಿದು ಅಳೆದದ್ದು ಅದು. ಆ ಸರಪಳಿಯ ಕತೆಯೇ ಬೇರೆ. ಚೀನಾದ ಚಕ್ರವರ್ತಿಗೆ ಕಾಣಿಕೆಯೆಂದು ಹೋಗಿ, ಅಲ್ಲಿ ಬೇಡವಾಗಿ, ಕಲ್ಕತ್ತೆಗೆ ಬಂದು, ಅಲ್ಲಿಂದ ಲ್ಯಾಂಬ್ಟನ್ನನ ಕೈ ಸೇರಿತ್ತು. ಬೇಸ್ ಲೈನು ಸರಿಯಿದ್ದರೆ ಅದರ ಮೇಲೆ ತ್ರಿಕೋನಗಳನ್ನು ಕಟ್ಟುತ್ತ ಇಡೀ ದೇಶವನ್ನು ಕಾಗದದ ಮೇಲೆ ಹಿಡಿಯಬಹುದು. 1802ರಲ್ಲಿ ಮದರಾಸಿನಲ್ಲಿ ಇನ್ನೊಂದು ಬೇಸ್ ಲೈನಿನಿಂದ ಆರಂಭವಾದ ಮಹಾ ಸರ್ವೆ ಹಿಮಾಲಯದ ತನಕ ಹೋಯಿತು. ಅಲ್ಲಿಂದ ಮುಂದೆ ಡ್ಯುರಾಂಡ್ ಲೈನು, ಮ್ಯಾಕ್‌ಮಹೋನ್ ಲೈನು, ಕೊನೆಗೆ 1947ರ ಆಗಸ್ಟ್ 17ರಂದು ಪ್ರಕಟವಾದ ರ್‍ಯಾಡ್‌ಕ್ಲಿಫ್ ಲೈನು. ಇವುಗಳ ಕತೆ ಎಲ್ಲರಿಗೂ ತಿಳಿದದ್ದು; ಅಲ್ಲಿ ನಿಲ್ಲುವುದಿಲ್ಲ.

ಹಡಗಿನವರ ಲೈನಿನಲ್ಲೂ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಅವರಿಗೆ ಕೆಲಸಕ್ಕೆ ಬಿದ್ದ ಹಗ್ಗವೆಲ್ಲ ಲೈನು, ಭೂಮಧ್ಯರೇಖೆಯೂ ಲೈನು. ಅದನ್ನು ಮೊದಲ ಸಲ ದಾಟುವ ನಾವಿಕನಿಗೆ ಮುಖಕ್ಕೆ ಬಳಿದು, ಕ್ಷೌರ ಮಾಡಿ, ನೀರಿನಲ್ಲಿ ಮುಳುಗಿಸಿ ತೆಗೆಯುತ್ತಿದ್ದರಂತೆ. ಒಂದು ಲೈನನ್ನು ಮಾತ್ರ ಹೆಸರಿಸಿ ಹೇಳಬೇಕು. ಹಳೆಯ ಹಡಗುಗಳಿಗೆ ವಿಮೆ ಇಳಿಸಿ, ಮಿತಿಮೀರಿ ಸರಕು ತುಂಬಿ, ಮುಳುಗಿದರೂ ಲಾಭವೇ ಎಂದುಕೊಂಡಿದ್ದ ಮಾಲೀಕರ ವಿರುದ್ಧ ಸಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಸಂಸದ ಹೋರಾಡಿದ. 1876ರ ಕಾನೂನಿನಿಂದ ಹಡಗಿನ ಹೊರಮೈ ಮೇಲೆ ಒಂದು ಗೆರೆ ಬಂತು. ಗೆರೆ ಮುಳುಗುವಷ್ಟು ಹೇರಬಾರದು. ನಾನು ನೋಡಿದ ಲೈನುಗಳಲ್ಲಿ ದುಡಿಯುವವನ ಜೀವ ಉಳಿಸಲೆಂದೇ ಎಳೆದ ಲೈನು ಇದೊಂದೇ.

ಕನ್ನಡದ ಕಿವಿಗೆ ಈ ಮಾತನ್ನು ಚೆನ್ನಾಗಿ ಪರಿಚಯ ಮಾಡಿಸಿದ್ದು ರೈಲು. 1864ರ ಆಗಸ್ಟ್ 1ರಂದು ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ಗಾಡಿ ಹೊರಟಿತು. ಅದು ಅಗಲ ಹಳಿ, ಐದೂವರೆ ಅಡಿಯದು. ಮುಂದೆ ಮೈಸೂರಿನ ಕಡೆಗೆ ಹಾಕಿದ್ದು ಮೀಟರ್ ಗೇಜು. ಹಾಗಾಗಿ ಬೆಂಗಳೂರಿನಲ್ಲಿ ಒಂದು ಲೈನಿನಿಂದ ಇನ್ನೊಂದು ಲೈನಿಗೆ ಮೂಟೆಗಳು ಹಮಾಲರ ಬೆನ್ನ ಮೇಲೆ ದಾಟಬೇಕಾಗಿತ್ತು. ಆದರೆ ಜನರ ಬಾಯಿಗೆ ಬಿದ್ದದ್ದು ಗೇಜು ಅಲ್ಲ, 'ಲೈನ್ ಕ್ಲಿಯರ್'. ಒಂಟಿ ಹಳಿಯ ಮೇಲೆ ಎರಡು ಗಾಡಿ ಎದುರುಬದುರಾದರೆ ಪ್ರಳಯ. ಆದ್ದರಿಂದ ಸ್ಟೇಶನ್ ಮಾಸ್ತರರು ಮುಂದಿನ ಸ್ಟೇಶನ್ನಿನವರನ್ನು ಗಂಟೆಯ ಸಂಕೇತದಿಂದ ಕೇಳಬೇಕು. ಅವರು ಒಪ್ಪಿದರೆ ಮಾತ್ರ ಯಂತ್ರದಿಂದ ಒಂದು ಲೋಹದ ಚೆಂಡು ಹೊರಬರುತ್ತದೆ. ಆ ಚೆಂಡನ್ನು ಚೀಲದಲ್ಲಿಟ್ಟು, ಚೀಲವನ್ನು ಬೆತ್ತದ ಬಳೆಗೆ ಕಟ್ಟಿ, ಡ್ರೈವರನ ಕೈಗೆ ಮುಟ್ಟಿಸಬೇಕು. ಅದಿಲ್ಲದೆ ಗಾಡಿ ಕದಲುವಂತಿಲ್ಲ. ಗಾಡಿ ನಿಲ್ಲದ ಸ್ಟೇಶನ್ನಿನಲ್ಲಿ ಪೋರ್ಟರ್ ಹಳಿಯ ಪಕ್ಕದಲ್ಲಿ ಆ ಬಳೆಯನ್ನು ಎತ್ತಿ ಹಿಡಿದು ನಿಲ್ಲುತ್ತಿದ್ದ. ಇಂಜಿನ್ನಿನವನು ಓಡುವ ಗಾಡಿಯಿಂದಲೇ ಅದಕ್ಕೆ ತೋಳು ತೂರಿಸಿ ಎತ್ತಿಕೊಳ್ಳುತ್ತಿದ್ದ. ಇದನ್ನು ಕಂಡ ಜನ ಮಾತನ್ನು ಮನೆಗೆ ಒಯ್ದರು. ಮಾವನ ಒಪ್ಪಿಗೆ ಸಿಕ್ಕರೆ ಲೈನ್ ಕ್ಲಿಯರ್, ಸಾಹೇಬರ ಸಹಿ ಬಿದ್ದರೆ ಲೈನ್ ಕ್ಲಿಯರ್. ಎಂದೂ ರೈಲು ಹತ್ತದ ನನ್ನ ಅಜ್ಜಿ, ಮಳೆ ಬಿಟ್ಟು ಅಂಗಳ ಒಣಗಿದರೆ, 'ಇನ್ನು ಹಪ್ಪಳಕ್ಕೆ ಲೈನ್ ಕಿಲೇರ್' ಎನ್ನುತ್ತಿದ್ದರು.

ಅಚ್ಚುಕೂಟದವರನ್ನೂ ಬಿಡಲಾಗದು. ಚಿತ್ರ ಅಚ್ಚು ಹಾಕುವಾಗ ಬರೀ ಗೆರೆಯದಾದರೆ ಲೈನ್ ಬ್ಲಾಕು, ನೆರಳು ಬೆಳಕಿನ ಫೋಟೋ ಆದರೆ ಹಾಫ್‌ಟೋನ್ ಬ್ಲಾಕು. ಎರಡಕ್ಕೂ ರೇಟು ಬೇರೆ. ಒಂದೊಂದೇ ಮೊಳೆ ಜೋಡಿಸುವ ಕಷ್ಟವನ್ನು ತಪ್ಪಿಸಲು ಓಟ್ಮಾರ್ ಮೆರ್ಗೆಂಥಾಲರ್ ಒಂದು ಯಂತ್ರ ಕಟ್ಟಿದ. 1886ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದು ಅದನ್ನು ಮೊದಲು ಬಳಸಿತು. ಇಡೀ ಒಂದು ಸಾಲನ್ನು ಕಾದ ಸೀಸದಲ್ಲಿ ಒಟ್ಟಿಗೇ ಎರಕ ಹೊಯ್ಯುವುದರಿಂದ ಅದು ಲೈನೋಟೈಪ್. ಪತ್ರಿಕೆಯವರ ಇನ್ನೊಂದು ಮಾತು, ಎಲ್ಲರೂ ಹಗುರವಾಗಿ ಬಳಸುವ 'ಡೆಡ್‌ಲೈನ್', ಮಾತ್ರ ಅಚ್ಚುಕೂಟದಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ, 1864ರಲ್ಲಿ, ಜಾರ್ಜಿಯಾದ ಆಂಡರ್ಸನ್‌ವಿಲ್ ಎಂಬಲ್ಲಿ ಸೆರೆಯಾಳುಗಳ ಬಯಲುಬಂದಿಖಾನೆ ಇತ್ತು. ಸುತ್ತ ಮರದ ದಿಮ್ಮಿಗಳ ಬೇಲಿ. ಅದರ ಒಳಮಗ್ಗುಲಲ್ಲಿ ಕೆಲವು ಗಜ ಬಿಟ್ಟು ತೆಳ್ಳಗಿನ ಅಡ್ಡಪಟ್ಟಿಯ ಗೆರೆ. ಅದನ್ನು ದಾಟಿದವನನ್ನು, ಎಷ್ಟೋ ಸಲ ಅದರಾಚೆ ಕೈ ಚಾಚಿದವನನ್ನೂ, ಕಾವಲುಗಾರರು ಗುಂಡಿಕ್ಕುತ್ತಿದ್ದರು. ಅದರ ಹೆಸರು ಡೆಡ್ ಲೈನ್. ಆ ಬಂದಿಖಾನೆಯಲ್ಲಿ ಸುಮಾರು 13,000 ಮಂದಿ ಸತ್ತರು, ಹೆಚ್ಚಿನವರು ಗುಂಡಿಗಲ್ಲ, ಹಸಿವಿಗೂ ರೋಗಕ್ಕೂ. ಅದರ ಅಧಿಕಾರಿ ಹೆನ್ರಿ ವರ್ಜ್‌ನನ್ನು 1865ರ ನವೆಂಬರಿನಲ್ಲಿ ಗಲ್ಲಿಗೇರಿಸಿದರು. ವಿಶೇಷಾಂಕಕ್ಕೆ ಲೇಖನ ಕೇಳುವ ಸಂಪಾದಕರು ಡೆಡ್‌ಲೈನ್ ಎಂದಾಗಲೆಲ್ಲ ನನಗೆ ಇದು ನೆನಪಾಗುತ್ತದೆ, ಪಾಪ, ಅವರಿಗೆ ಹೇಳುವುದಿಲ್ಲ.

ಇನ್ನು ಕರೆಂಟಿನ ಲೈನು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆ ರೂಪುಗೊಂಡು, ಅವರು ತೀರಿಕೊಂಡ ಮರುವರ್ಷ, 1902ರ ಜೂನ್ 30ರಂದು, ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಲೈನಿನ ಉದ್ದ 92 ಮೈಲಿ. ಆಗ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಒಂದು. ಕಾವೇರಿಯ ನೀರು ಬಿದ್ದ ರಭಸ 92 ಮೈಲಿ ಆಚೆ ಬಂಡೆ ಪುಡಿ ಮಾಡುವ ಯಂತ್ರವನ್ನು ತಿರುಗಿಸುವುದು ಆ ಕಾಲದವರಿಗೆ ಪವಾಡವೇ ಆಗಿದ್ದೀತು. ಬೆಂಗಳೂರಿನ ಬೀದಿ ದೀಪಗಳು ಮೂರು ವರ್ಷ ಕಾದು 1905ರ ಆಗಸ್ಟಿನಲ್ಲಿ ಹತ್ತಿದವು. ನಡುವಿನ ಹಳ್ಳಿಗಳು ಇನ್ನೆಷ್ಟೋ ದಶಕ ತಮ್ಮ ತಲೆಯ ಮೇಲೆ ಹಾದುಹೋದ ಲೈನನ್ನು ನೋಡುತ್ತ ಸೀಮೆಎಣ್ಣೆ ಬುಡ್ಡಿಯಲ್ಲಿ ಉಂಡವು. ಇದನ್ನು ನಮ್ಮ ಪಠ್ಯಪುಸ್ತಕಗಳು ಹೆಮ್ಮೆಯಿಂದ ಹೇಳುತ್ತವೆ, ಹೇಳಬೇಕಾದದ್ದೇ. ಪುಸ್ತಕ ಹೇಳದೆ ಬಿಟ್ಟದ್ದು, ಆ ಲೈನು ಹೋಗಿ ಮುಟ್ಟಿದ ಊರಿನಲ್ಲಿ ಆಗಲೇ ಇನ್ನೊಂದು ಬಗೆಯ ಲೈನುಗಳು ಇದ್ದವು ಎಂಬುದನ್ನು. ಗಣಿಯೊಳಗೆ ಇಳಿಯುತ್ತಿದ್ದ ಕೂಲಿಗಳು, ಬಹುಪಾಲು ತಮಿಳು ಸೀಮೆಯಿಂದ ಬಂದವರು, ಸಾಲುಸಾಲಾಗಿ ಕಟ್ಟಿದ ಬಿದಿರು ತಟ್ಟಿಯ ಗುಡಿಸಲುಗಳಲ್ಲಿ ಇದ್ದರು. ಆ ಸಾಲುಗಳಿಗೆ ಹೆಸರು ಲೈನ್ಸ್. 2001ರಲ್ಲಿ ಗಣಿ ಮುಚ್ಚಿದ ಮೇಲೂ ಅಲ್ಲಿಯ ಜನ ತಮ್ಮ ವಾಸವನ್ನು ಲೈನಿನ ಹೆಸರಿನಿಂದಲೇ ಹೇಳಿದರು.

ವಾಸಕ್ಕೆ ಈ ಹೆಸರು ಬಂದದ್ದು ಸೈನ್ಯದಿಂದ. ಪಾಳೆಯ ಇಳಿದಾಗ ಡೇರೆಗಳನ್ನು ಸಾಲಾಗಿ ಹೂಡುತ್ತಾರೆ. ಕುದುರೆಗಳನ್ನು ಉದ್ದನೆಯ ಹಗ್ಗಕ್ಕೆ ಸಾಲಾಗಿ ಕಟ್ಟುತ್ತಾರೆ. ಎರಡೂ ಲೈನೇ. ಬೆಂಗಳೂರಿನಲ್ಲಿ 1809ರಲ್ಲಿ ದಂಡು ಪ್ರದೇಶ ಏರ್ಪಟ್ಟಂತೆ ದೇಶದ ಉದ್ದಗಲಕ್ಕೂ ದಂಡುಗಳು ಏರ್ಪಟ್ಟವು. ಅಲ್ಲಿ ಆಫೀಸರನಿಗೆ ತೋಟದ ನಡುವೆ ಬಂಗಲೆ, ಸಿಪಾಯಿಗಳಿಗೆ ಲೈನು. ಬಂಗಲೆಗೆ ಒಂದೊಂದು ಹೆಸರಿರುತ್ತಿತ್ತು. ಲೈನಿಗೆ ರೆಜಿಮೆಂಟಿನ ಹೆಸರು ಅಥವಾ ನಂಬರು. ಈಗಲೂ ಉಳಿದ ಪೊಲೀಸ್ ಲೈನು ಆ ಬಳಗದ್ದು. ದಂಡಿನಲ್ಲಿ ಕಲಿತ ಈ ಏರ್ಪಾಡನ್ನೇ ದೊರೆಗಳು ಗಣಿಗೆ ತಂದರು, ತೋಟಕ್ಕೆ ತಂದರು. 1850ರ ದಶಕದಲ್ಲಿ ಕೊಡಗಿನಲ್ಲಿ, ಅದಕ್ಕೂ ಮೊದಲೇ ಚಿಕ್ಕಮಗಳೂರಿನ ಕಡೆ, ಬಿಳಿಯರ ಕಾಫಿ ತೋಟಗಳು ಎದ್ದವು. ಕಾಡು ಕಡಿಯಲು ಆಳು ಬೇಕು. ಮೇಸ್ತ್ರಿಯ ಕೈಯಲ್ಲಿ ಮುಂಗಡ ಕೊಟ್ಟು ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ, ತಮಿಳು ಜಿಲ್ಲೆಗಳಿಂದ ಜನರನ್ನು ಕರೆಸಿದರು. ಮುಂಗಡ ಪಡೆದವನು ಕೆಲಸ ಬಿಟ್ಟು ಹೋದರೆ 1859ರ ಹದಿಮೂರನೇ ಕಾಯಿದೆಯಡಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕು. ಅವರ ಅಪ್ಪಣೆ ಮೀರಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಸಾಲ ತೀರಿಸದ ಸಾಹುಕಾರನಿಗೆ ಸಿವಿಲ್ ಕೋರ್ಟು, ಮುಂಗಡ ತೀರಿಸದ ಕೂಲಿಗೆ ಜೈಲು. ಆ ಕಾಯಿದೆ ರದ್ದಾದದ್ದು 1925ರಲ್ಲಿ.

ನನ್ನ ತಂದೆ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು. ರೈಟರೆಂದರೆ ಕತೆ ಕಾದಂಬರಿ ಬರೆಯುವವರಲ್ಲ. ಬೆಳಿಗ್ಗೆ ಆಳುಗಳ ಹಾಜರಿ ಹಿಡಿದು ಚೆಕ್‌ರೋಲ್ ಬರೆಯುವವರು. ನಮ್ಮ ಮನೆ ಇದ್ದದ್ದು ಬಂಗಲೆಗೂ ಲೈನಿಗೂ ನಡುವೆ, ಇಳಿಜಾರಿನ ಅರ್ಧದಲ್ಲಿ. ಬಂಗಲೆಯಿಂದ ಹೊರಟ ಮಾತು ನಮ್ಮ ಅಂಗಳ ಹಾಯ್ದು ಲೈನಿಗೆ ಇಳಿಯಬೇಕು, ಲೈನಿನ ಅಹವಾಲು ನಮ್ಮ ಅಂಗಳ ಹಾಯ್ದು ಬಂಗಲೆಗೆ ಹತ್ತಬೇಕು. ಇಳಿದಷ್ಟು ಬೇಗ ಹತ್ತುತ್ತಿರಲಿಲ್ಲ. ಆರು ಗಂಟೆಗೆ ನೇತುಹಾಕಿದ ಹಳಿಯ ತುಂಡನ್ನು ಬಡಿದರೆ ಹತ್ತೂ ಬಾಗಿಲು ಒಟ್ಟಿಗೆ ತೆರೆಯುತ್ತಿದ್ದವು. ಒಂದು ಕೋಣೆ, ಮುಂದೆ ಒಂದು ಚಿಕ್ಕ ಜಗಲಿ, ಅಲ್ಲೇ ಒಲೆ. ನಡುಗೋಡೆ ಮಾಡಿನ ತನಕ ಏರಿರಲಿಲ್ಲ. ಮೊದಲನೇ ಮನೆಯಲ್ಲಿ ಒಣಮೀನು ಸುಟ್ಟರೆ ಹತ್ತನೇ ಮನೆಯ ಮಗುವಿಗೆ ಹಸಿವಾಗುತ್ತಿತ್ತು; ಐದನೇ ಮನೆಯಲ್ಲಿ ಗಂಡ ಹೆಂಡತಿ ಜಗಳವಾಡಿದರೆ ಮರುದಿನ ಕಣದಲ್ಲಿ ಎಲ್ಲರಿಗೂ ಅದರ ಮುಕ್ತಾಯ ಗೊತ್ತಿರುತ್ತಿತ್ತು.

ಶಾಲೆಗೆ ಲೈನಿನ ಹುಡುಗರೂ ಬರುತ್ತಿದ್ದರು. ಹೊಸದಾಗಿ ಬಂದ ಮೇಷ್ಟರು ಒಬ್ಬೊಬ್ಬರನ್ನೇ ನಿಲ್ಲಿಸಿ ವಿಳಾಸ ಕೇಳಿದರು. ನನ್ನ ಪಕ್ಕದವನ ಸರದಿ ಬಂತು.

'ನಿನ್ನ ಮನೆ ಎಲ್ಲೋ?'

'ಲೈನು ಸಾ.'

'ಲೈನು ಗೊತ್ತಯ್ಯ, ಮನೆ ಹೆಸರೇನು?'

'ನಾಲ್ಕನೇದು ಸಾ.'

ಮೇಷ್ಟರು ನಕ್ಕು, ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಲೈನ್ ಎಂದಷ್ಟೇ ಬರೆದುಕೊಂಡರು. ಆ ವರ್ಷ ಮಳೆಗಾಲದಲ್ಲಿ ಅವನ ತಂಗಿಗೆ ಜ್ವರ ಬಂತು. ಬಂಗಲೆಯ ಜೀಪು ಅಂಗಳದಲ್ಲಿ ನಿಂತೇ ಇತ್ತು. ನಮ್ಮ ತಂದೆ ಎರಡು ಸಲ ಹತ್ತಿ ಹೋಗಿ ಕೇಳಿ ಬಂದರು. ಸಾಹುಕಾರರು ಊಟಕ್ಕೆ ಕೂತಿದ್ದಾರೆ ಎಂಬ ಉತ್ತರ ಒಮ್ಮೆ, ಮಲಗಿದ್ದಾರೆ ಎಂಬುದು ಇನ್ನೊಮ್ಮೆ. ಕಂಬಳಿಯಲ್ಲಿ ಹೊತ್ತುಕೊಂಡು ಏಳು ಮೈಲಿ ನಡೆದರು. ಮಗು ದಾರಿಯಲ್ಲೇ ತೀರಿಕೊಂಡಿತು. ಮರುದಿನದ ಚೆಕ್‌ರೋಲಿನಲ್ಲಿ ಆ ತಾಯಿತಂದೆಯ ಹೆಸರಿನ ಎದುರು ಸೊನ್ನೆ ಹಾಕಬೇಕಾಗಿತ್ತು. ತಂದೆ ಅಂದು ಲೇಖಣಿ ಹಿಡಿದು ಬಹಳ ಹೊತ್ತು ಕೂತಿದ್ದರು. ಆಮೇಲೆ ಪೂರ್ತಿ ಹಾಜರಿ ಬರೆದರು. ಅವರು ಬರೆದ ಸುಳ್ಳು ಲೆಕ್ಕ ನನಗೆ ತಿಳಿದಂತೆ ಅದೊಂದೇ.

ತೋಟದಲ್ಲಿ ಇನ್ನೊಂದು ಲೈನೂ ಇದೆ, ಗಿಡದ್ದು. ಸಸಿ ನೆಡುವ ಮುಂಚೆ ಹಗ್ಗ ಎಳೆದು, ಗೂಟ ಹೊಡೆದು, ಗುಂಡಿಯ ಜಾಗ ಗುರುತಿಸುವುದಕ್ಕೆ ಲೈನಿಂಗ್ ಎನ್ನುತ್ತಾರೆ. ಅರೇಬಿಕಾ ಆದರೆ ಆರಡಿಗೊಂದು, ರೊಬಸ್ಟಾ ಆದರೆ ಹತ್ತಡಿಗೊಂದು. ಹತ್ತಿರ ಹಾಕಿದರೆ ಗಿಡಕ್ಕೆ ಗಾಳಿ ಬೆಳಕು ಸಾಲದು ಎಂಬುದು ತೋಟಗಾರರ ಶಾಸ್ತ್ರ. ಫಿಜಿ ದ್ವೀಪದ ಕಬ್ಬಿನ ತೋಟಗಳ ಹಳೆಯ ಕಟ್ಟಳೆ ಓದುವಾಗ ಇದು ನನಗೆ ನೆನಪಾಯಿತು. ಅಲ್ಲಿ ಕರಾರಿನ ಕೂಲಿಗಳಿಗೆ ಲೈನಿನಲ್ಲಿ ಕೊಡುತ್ತಿದ್ದ ಕೋಣೆ ಹತ್ತಡಿ ಉದ್ದ, ಏಳಡಿ ಅಗಲ. ಒಂಟಿ ಗಂಡಸರಾದರೆ ಅದರಲ್ಲಿ ಮೂವರು, ಸಂಸಾರವಾದರೆ ಗಂಡ, ಹೆಂಡತಿ, ಮಕ್ಕಳು. ರೊಬಸ್ಟಾದ ಒಂದು ಗಿಡಕ್ಕೆ ನೂರು ಚದರಡಿ, ಮೂವರು ಮನುಷ್ಯರಿಗೆ ಎಪ್ಪತ್ತು.

ಫಿಜಿಗೆ 1879ರಿಂದ 1916ರ ತನಕ ಭಾರತದಿಂದ ಸುಮಾರು 60,000 ಮಂದಿ ಕರಾರಿನ ಮೇಲೆ ಹೋದರು. 1903ರ ನಂತರ ಮದರಾಸಿನ ಬಂದರಿನಿಂದಲೂ ಹಡಗುಗಳು ಹೊರಟವು. ಆ ಕರಾರು, ಎಂದರೆ 'ಅಗ್ರಿಮೆಂಟ್', ಅವರ ಬಾಯಲ್ಲಿ 'ಗಿರ್ಮಿಟ್' ಆಯಿತು. ಲೈನು 'ಲೇನ್' ಆಯಿತು. ಅವರಲ್ಲಿ ತೋತಾರಾಮ ಸನಾಢ್ಯ ಎಂಬವರು 1893ರಲ್ಲಿ ಹೋಗಿ 1914ರಲ್ಲಿ ಹಿಂದಿರುಗಿ ತಮ್ಮ ಅನುಭವ ಬರೆದರು. ಅವರ ಒಂದು ಬರಹದ ಹೆಸರೇ 'ಭೂತಲೇನ್ ಕೀ ಕಥಾ'. ಹಿಂದೆ ಅಲ್ಲಿ ಜನ ಸತ್ತಿದ್ದರೆಂದು ಯಾರೂ ಇರಲೊಪ್ಪದ ದೆವ್ವದ ಲೈನಿನಲ್ಲಿ ಅವರಿಗೆ ಕೋಣೆ ಕೊಟ್ಟಿದ್ದರು. ಹಸಿವು ತಾಳಲಾರದೆ ನೇಣು ಹಾಕಿಕೊಳ್ಳಲು ಹೊರಟಾಗ, ಊಟ ಕೇಳಿಕೊಂಡು ಬಂದ ಫಿಜಿಯ ಮೂಲನಿವಾಸಿಗಳು ಇವರ ಬಳಿ ಏನೂ ಇಲ್ಲದ್ದನ್ನು ಕಂಡು ತಾವೇ ತಂದುಕೊಟ್ಟರಂತೆ. ಲೈನಿನ ಕುರಿತು ಲೈನಿನಲ್ಲಿದ್ದವರೇ ಬರೆದದ್ದು ಬಹಳ ಕಡಿಮೆ. ಆದ್ದರಿಂದ ಈ ಪುಟ್ಟ ಬರಹಕ್ಕೆ ನನ್ನ ಲೆಕ್ಕದಲ್ಲಿ ಗೆಜೆಟಿಯರುಗಳಿಗಿಂತ ಹೆಚ್ಚಿನ ತೂಕ.

ಸಿಂಹಳದ ಚಹಾ ತೋಟಗಳ ತಮಿಳರು ಇದನ್ನು 'ಲಯನ್' ಎನ್ನುತ್ತಾರೆ. ಕೇಳಿದರೆ ಸಿಂಹವೇ. ಕೇರಳದ ಮುನ್ನಾರಿನ ಕಡೆ 'ಲಯಂ'. ತಮಿಳು, ಮಲಯಾಳಗಳಲ್ಲಿ ಕುದುರೆ ಕಟ್ಟುವ ಜಾಗಕ್ಕೆ 'ಲಾಯಂ' ಎಂಬ ಮಾತಿದೆ, ನಮ್ಮ ಲಾಯವೇ ಅದು. ಲೈನಿಗೂ ಲಾಯಕ್ಕೂ ಒಂದು ದೀರ್ಘದ ದೂರ. ಎರಡೂ ಎಲ್ಲಿ ಕೂಡಿದವು, ಕೂಡಿದವೋ ಇಲ್ಲವೋ, ಭಾಷಾಶಾಸ್ತ್ರಜ್ಞರು ತೀರ್ಮಾನಿಸಲಿ. ಸಾಲು ಕೋಣೆಗಳನ್ನು ಕಂಡು ಕೂಲಿಯವನಿಗೆ ಏನು ನೆನಪಾಗಿರಬಹುದು ಎಂಬುದಕ್ಕೆ ಶಾಸ್ತ್ರಜ್ಞರು ಬೇಕಿಲ್ಲ. 2020ರ ಆಗಸ್ಟ್ 6ರ ರಾತ್ರಿ ಮುನ್ನಾರಿನ ಹತ್ತಿರ ಪೆಟ್ಟಿಮುಡಿಯಲ್ಲಿ ಗುಡ್ಡ ಜರಿದು ಇಂಥ ಲಯಂಗಳ ಮೇಲೆ ಬಿತ್ತು. 70 ಮಂದಿ ಹೋದರು. ಒಂದೇ ಸಾಲಿನಲ್ಲಿ ಬಂಧುಬಳಗವೆಲ್ಲ ಇದ್ದುದರಿಂದ ಕೆಲವು ಮನೆತನಗಳಲ್ಲಿ ಅಳುವವರೂ ಉಳಿಯಲಿಲ್ಲ.

ಇಂಗ್ಲಿಷಿನವರು ಬರೀ ಲೈನ್ಸ್ ಎಂದರು. ಹಿಂದಿಯವರು ಲೇನ್ ಎಂದರು, ತಮಿಳರು ಲಯನ್ ಎಂದರು. ಕನ್ನಡದಲ್ಲಿ ಮಾತ್ರ ಯಾರೋ ಅದಕ್ಕೆ ಇನ್ನೊಂದು ಪದ ಸೇರಿಸಿದ್ದಾರೆ. ಚಿಕ್ಕಮಗಳೂರು, ಹಾಸನ, ಕೊಡಗುಗಳಲ್ಲಿ ಎಲ್ಲಿ ಕೇಳಿದರೂ ಅದು 'ಲೈನ್‌ಮನೆ'. ಸೇರಿಸಿದವರು ಸಾಹುಕಾರರೋ ರೈಟರೋ ಆಗಿರಲಾರರು. ಅಲ್ಲಿ ಒಲೆ ಹೂಡಿ, ಬಾಗಿಲಿಗೆ ಸಗಣಿ ಸಾರಿಸಿ, ಬಸುರಿ ಬಾಣಂತನ ಮಾಡಿದ ಹೆಂಗಸರೇ ಇರಬೇಕು.

ಈಗ ಆ ಲೈನ್‌ಮನೆಗಳಲ್ಲಿ ಹಳಬರು ಕಡಿಮೆ. 1951ರ ತೋಟ ಕಾರ್ಮಿಕರ ಕಾಯಿದೆ ಬಂದು ಮನೆ ಕೊಡುವುದು ಮಾಲೀಕರ ಹೊಣೆಯಾಯಿತು. ಕೆಲವು ಕಡೆ ಗೋಡೆ ಎತ್ತರವಾಯಿತು, ಕರೆಂಟು ಬಂತು. ಮಕ್ಕಳು ಬೆಂಗಳೂರಿಗೆ ಹೋದರು. ಖಾಲಿಯಾದ ಕೋಣೆಗಳಿಗೆ ಕೊಯ್ಲಿನ ಕಾಲಕ್ಕೆ ಅಸ್ಸಾಮಿನಿಂದ, ಜಾರ್ಖಂಡಿನಿಂದ ಜನ ಬರುತ್ತಾರೆ. ಹೋದ ವರ್ಷ ನೆಂಟರ ತೋಟಕ್ಕೆ ಹೋಗಿದ್ದಾಗ ರಾತ್ರಿ ಬಸ್ಸಿಳಿದು ಬಂದ ಒಂದು ಅಸ್ಸಾಮಿ ಸಂಸಾರಕ್ಕೆ ಮೇಸ್ತ್ರಿ ಜಾಗ ತೋರಿಸಬೇಕಾಗಿತ್ತು. ಅವನಿಗೆ ಹಿಂದಿ ಬಾರದು, ಅವರಿಗೆ ಕನ್ನಡ ಬಾರದು. ಮೇಸ್ತ್ರಿ ಕತ್ತಲಲ್ಲಿ ಕೈ ತೋರಿಸಿ 'ಲೈನು' ಎಂದ. ಚಹಾ ತೋಟದಲ್ಲಿ ಹುಟ್ಟಿದ ಆ ಹೆಂಗಸು ತಲೆಯಾಡಿಸಿ, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಎಲ್ಲರಿಗಿಂತ ಮುಂದಾಗಿ ಅತ್ತ ನಡೆದಳು.